ನಿರೀಕ್ಷಿತ ಉತ್ತರ

2.15 ದೊಡ್ಡದೋ, 2.5 ದೊಡ್ಡದೋ ಎಂದು ಏಳನೇ ತರಗತಿಗೆ ಕೇಳಿದ್ದೆ. ಇಪ್ಪತ್ತಾರು ಮಕ್ಕಳಲ್ಲಿ ಹತ್ತೊಂಬತ್ತು ಮಂದಿ 2.15 ಎಂದು ಬರೆದುಕೊಟ್ಟರು. ನಾನು ಆ ಶಾಲೆಗೆ ಬಂದು ಒಂದು ವಾರವೂ ಆಗಿರಲಿಲ್ಲ. ಹತ್ತೊಂಬತ್ತು ನೋಟ್‌ಬುಕ್ಕಿಗೂ ಕೆಂಪು ಇಂಟು ಎಳೆದೆ. ಬೋರ್ಡಿನ ಮೇಲೆ 2.5ರ ಪಕ್ಕ ಒಂದು ಸೊನ್ನೆ ಸೇರಿಸಿ 2.50 ಮಾಡಿ, "ಈಗ ಹೇಳಿ, ಹದಿನೈದು ದೊಡ್ಡದಾ, ಐವತ್ತು ದೊಡ್ಡದಾ?" ಎಂದೆ. "ಐವತ್ತೂ..." ಎಂದು ಇಡೀ ಕ್ಲಾಸು ಕೂಗಿತು. ಪಾಠ ಮಾಡುವುದು ಅಂಥ ಕಷ್ಟವೇನಲ್ಲ ಅನ್ನಿಸಿತು. ಮರುದಿನ 3.12 ಮತ್ತು 3.9 ಕೊಟ್ಟೆ. ಗೆದ್ದದ್ದು 3.12.

ನನ್ನ ಬಳಿ ಇನ್ನೊಂದು ಉಪಾಯ ಇರಲಿಲ್ಲ. ಸೊನ್ನೆ ಸೇರಿಸುವ ಉಪಾಯವನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿದೆ, ಅಷ್ಟೇ.

ನಾನು ತುಮಕೂರು ಕಡೆಯವಳು. ಬಿ.ಎಸ್ಸಿ.ಯಲ್ಲಿ ಪಿಸಿಎಂ ಓದಿ ಬಿ.ಇಡಿ. ಸೇರಿದೆ. 2015ರಲ್ಲಿ ಒಂದು ವರ್ಷದ ಆ ಕೋರ್ಸು ಎರಡು ವರ್ಷದ್ದಾಯಿತು. ಅದಕ್ಕೂ ಮುಂಚೆ ಮುಗಿಸಿದವರು ನಮ್ಮನ್ನು ಕಂಡು "ಪಾಪ" ಅನ್ನುತ್ತಿದ್ದರು. ಎರಡು ವರ್ಷದಲ್ಲಿ ಹೆಚ್ಚು ನೆನಪಿರುವುದು ಸೂಕ್ಷ್ಮ ಬೋಧನೆ. ಆರು ನಿಮಿಷದ ಪಾಠ, ಒಂದು ಸಲಕ್ಕೆ ಒಂದೇ ಕೌಶಲ. ಒಂದು ದಿನ ಪೀಠಿಕೆ ಹಾಕುವುದು, ಇನ್ನೊಂದು ದಿನ ಪ್ರಶ್ನೆ ಕೇಳುವುದು, ಮತ್ತೊಂದು ದಿನ ಕಪ್ಪುಹಲಗೆ ಬಳಸುವುದು. ಎದುರಿಗೆ ವಿದ್ಯಾರ್ಥಿಗಳಾಗಿ ಕೂರುತ್ತಿದ್ದವರು ನಮ್ಮ ಸಹಪಾಠಿಗಳೇ. ಅವರಲ್ಲಿ ಒಬ್ಬಳಿಗೆ ಮದುವೆಯಾಗಿ ಒಂದು ಮಗುವೂ ಇತ್ತು. ಅವಳನ್ನು ನಿಲ್ಲಿಸಿ "ತ್ರಿಭುಜಕ್ಕೆ ಎಷ್ಟು ಬಾಹುಗಳು?" ಎಂದು ಕೇಳಬೇಕು, ಅವಳು ಕೈಕಟ್ಟಿ "ಮೂರು, ಮಿಸ್" ಅನ್ನಬೇಕು, ನಾನು "ಶಾಭಾಸ್" ಅನ್ನಬೇಕು. ಎಷ್ಟು ಸಲ ಶಾಭಾಸ್ ಅಂದೆ ಎಂದು ಪಕ್ಕದಲ್ಲಿ ಒಬ್ಬರು ಗೆರೆ ಹಾಕಿ ಎಣಿಸುತ್ತಿದ್ದರು.

ಪೂರ್ತಿ ನಾಟಕ ಎಂದು ತಳ್ಳಿಹಾಕಲಾರೆ. ಮಕ್ಕಳಿಗೆ ಬೆನ್ನು ತಿರುಗಿಸದೆ ಓರೆಯಾಗಿ ನಿಂತು ಬೋರ್ಡಿನ ಮೇಲೆ ಬರೆಯುವುದು, ಪ್ರಶ್ನೆ ಕೇಳಿ ಆಮೇಲೆ ಮಗುವಿನ ಹೆಸರು ಕೂಗುವುದು ನನಗೆ ಬಂದದ್ದು ಅಲ್ಲಿಂದಲೇ. ಮೊದಲೇ ಹೆಸರು ಕೂಗಿದರೆ ಉಳಿದವರೆಲ್ಲ ಆರಾಮಾಗಿ ಕಿಟಕಿ ನೋಡುತ್ತಾರೆ. ಇದು ಇವತ್ತಿಗೂ ದಿನಾ ಕೆಲಸಕ್ಕೆ ಬರುತ್ತದೆ.

ನಮ್ಮ ಪಾಠಯೋಜನೆಯ ರೆಕಾರ್ಡಿನಲ್ಲಿ ಮಾತ್ರ ಒಂದು ಕಾಲಂ ಇತ್ತು: ನಿರೀಕ್ಷಿತ ಉತ್ತರ. ನಾನು ಕೇಳಲಿರುವ ಪ್ರಶ್ನೆಯ ಎದುರಿಗೆ ಮಕ್ಕಳು ಕೊಡಲಿರುವ ಉತ್ತರವನ್ನೂ ನಾನೇ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಕೂತು ಬರೆದಿಡಬೇಕು. ನೀಲಿ ಇಂಕಿನಲ್ಲಿ ನನ್ನ ಪ್ರಶ್ನೆ, ಕಪ್ಪು ಇಂಕಿನಲ್ಲಿ ಅವರ ಉತ್ತರ. ನನ್ನ ರೆಕಾರ್ಡಿನಲ್ಲಿ ಒಂದು ಮಗುವೂ ತಪ್ಪು ಹೇಳಿದ್ದಿಲ್ಲ.

ಇಂಟರ್ನ್‌ಶಿಪ್ಪಿನಲ್ಲಿ ಆ ಕಾಲಂ ಮೊದಲ ಸಲ ಕೈಕೊಟ್ಟಿತು. ದಹನದ ಪಾಠ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಆಮ್ಲಜನಕ ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು, ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ ಇರುವುದರಿಂದ ನೀರು ಸುಮಾರು ಐದನೇ ಒಂದು ಭಾಗ ಏರಿತು. ನಾನು ಶಾಲೆಯಲ್ಲಿ ಕಲಿತದ್ದು ಹೀಗೆ, ರೆಕಾರ್ಡಿನಲ್ಲಿ ಬರೆದದ್ದೂ ಹೀಗೇ. ಹಿಂದಿನ ಬೆಂಚಿನಲ್ಲಿ ನಮ್ಮ ಉಪನ್ಯಾಸಕರು ಅವಲೋಕನ ಪುಸ್ತಕ ಹಿಡಿದು ಕೂತಿದ್ದರು. ಮೊದಲ ಸಾಲಿನ ಒಬ್ಬ ಹುಡುಗ ಎದ್ದು, "ಮಿಸ್, ನೀರು ಮೇಲೆ ಬಂದಿದ್ದು ಬತ್ತಿ ಆರಿದ್ಮೇಲೆ. ಉರೀತಿದ್ದಾಗ ಬರ್ಲೇ ಇಲ್ಲ" ಎಂದ.

"ನೋಡೋಕೆ ಹಂಗೆ ಕಾಣುತ್ತೆ, ಕೂತ್ಕೋ" ಎಂದೆ.

ಅವಲೋಕನ ಪುಸ್ತಕದಲ್ಲಿ "ಪ್ರಯೋಗ ಉತ್ತಮವಾಗಿತ್ತು, ತರಗತಿ ನಿಯಂತ್ರಣ ಚೆನ್ನಾಗಿದೆ" ಎಂಬ ಷರಾ ಬಂತು. ಆ ರಾತ್ರಿ ರೂಮಿನಲ್ಲಿ ಸ್ಟೀಲ್ ತಟ್ಟೆ, ಗಾಜಿನ ಲೋಟ ಇಟ್ಟುಕೊಂಡು ಮತ್ತೆ ಮಾಡಿ ನೋಡಿದೆ. ಹುಡುಗ ಹೇಳಿದ್ದೇ ಸರಿ. ಬತ್ತಿ ಉರಿಯುವಷ್ಟು ಹೊತ್ತು ನೀರು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಆರಿದ ಒಂದೆರಡು ಕ್ಷಣಕ್ಕೆ ಸರ್ರನೆ ಏರುತ್ತದೆ. ಆಮ್ಲಜನಕದ ಕತೆ ನಿಜವಾಗಿದ್ದರೆ ಉರಿಯುತ್ತಿರುವಾಗಲೇ ನಿಧಾನವಾಗಿ ಏರಬೇಕಿತ್ತು. ಲೋಟ ಬೋರಲು ಹಾಕುವಾಗ ಅಂಚಿನಿಂದ ಗುಳ್ಳೆಗಳು ಹೊರಬರುವುದೂ ಆಗ ಕಂಡಿತು. ಜ್ವಾಲೆಯ ಕಾವಿಗೆ ಹಿಗ್ಗಿದ ಗಾಳಿ ಸ್ವಲ್ಪ ಹೊರಹೋಗುತ್ತದೆ, ಬತ್ತಿ ಆರಿದೊಡನೆ ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಮೂರು ಬತ್ತಿ ಒಟ್ಟಿಗೆ ಹಚ್ಚಿ ನೋಡಿದೆ, ನೀರು ಇನ್ನೂ ಮೇಲೆ ಏರಿತು. ಬತ್ತಿ ಮೂರಾದ ಮಾತ್ರಕ್ಕೆ ಲೋಟದೊಳಗಿನ ಆಮ್ಲಜನಕ ಮೂರು ಪಟ್ಟಾಗುವುದಿಲ್ಲವಲ್ಲ. ಉರಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಬತ್ತಿ ಆರುವಾಗಲೂ ಒಳಗೆ ಸಾಕಷ್ಟು ಆಮ್ಲಜನಕ ಉಳಿದಿರುತ್ತದೆ ಎಂಬುದನ್ನೆಲ್ಲ ಆಮೇಲೆ ಓದಿಕೊಂಡೆ. ಮಾರನೆಯ ದಿನ ಬೇರೆ ಪಾಠವಿತ್ತು, ಅದರ ಮಾರನೆಯ ದಿನ ನಮ್ಮನ್ನು ಬೇರೆ ಶಾಲೆಗೆ ಹಾಕಿದರು. ಆ ಹುಡುಗನಿಗೆ "ನೀನು ಹೇಳಿದ್ದು ಸರಿ" ಎಂದು ಹೇಳುವುದು ಆಗಲೇ ಇಲ್ಲ.

ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಬರೆದು ಪಾಸಾದೆ. 2022ರ ಮೇ ತಿಂಗಳಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗೆ ಪರೀಕ್ಷೆ ಬರೆದೆ. ಆಮೇಲೆ ಪಟ್ಟಿ, ತಿದ್ದುಪಡಿ ಪಟ್ಟಿ, ಕೋರ್ಟು. ಆದೇಶ ಕೈಗೆ ಬರುವಷ್ಟರಲ್ಲಿ 2023 ಮುಗಿಯುತ್ತಾ ಬಂದಿತ್ತು. ಹಾವೇರಿ ತಾಲೂಕಿನ ಒಂದು ಊರು. ಆರರಿಂದ ಎಂಟನೇ ತರಗತಿಗೆ ಗಣಿತ, ವಿಜ್ಞಾನ ಎರಡೂ ನನ್ನದೇ. ಬೆಳಿಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ, ನಡುವೆ ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಆನ್‌ಲೈನ್ ಹಾಜರಾತಿ. ಈ ಗೋಳನ್ನು ಎಲ್ಲ ಮೇಷ್ಟ್ರುಗಳೂ ಹೇಳುತ್ತಾರೆ, ನಾನು ಬೇರೆ ಹೇಳುವುದಿಲ್ಲ. ಮಕ್ಕಳು ನನ್ನನ್ನು "ಅಕ್ಕೋರ" ಎಂದು ಕರೆದಾಗ ಮೊದಮೊದಲು ಯಾರನ್ನೋ ಕರೆಯುತ್ತಿದ್ದಾರೆಂದು ಹಿಂದೆ ತಿರುಗಿ ನೋಡುತ್ತಿದ್ದೆ.

ನನಗೆ ಪಾಠ ಮಾಡಲು ಕಲಿಸಿದವರು ಅದೇ ಶಾಲೆಯ ಇನ್ನೊಬ್ಬ ಅಕ್ಕೋರು. ಒಂದರಿಂದ ಮೂರನೇ ತರಗತಿಯ ನಲಿಕಲಿ ಅವರದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದ ನಲಿಕಲಿಯಲ್ಲಿ ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂತು, ತಮ್ಮ ತಮ್ಮ ಕಾರ್ಡು ಹಿಡಿದು, ತಮ್ಮ ತಮ್ಮ ಮೆಟ್ಟಿಲು ಹತ್ತುತ್ತಾ ಹೋಗುತ್ತವೆ. ನನಗೆ ಖಾಲಿ ಪಿರಿಯಡ್ ಇದ್ದಾಗ ಅವರ ಕೋಣೆಯ ಮೂಲೆಯಲ್ಲಿ ಹೋಗಿ ಕೂರುತ್ತಿದ್ದೆ. ಅವರು ನೆಲದ ಮೇಲೆ ಕೂತಿರುತ್ತಿದ್ದರು. ಒಂದು ಮಗು ಸ್ಲೇಟು ತಂದು ತೋರಿಸಿದರೆ ಅವರದು ಯಾವಾಗಲೂ ಒಂದೇ ಪ್ರಶ್ನೆ: "ಹೆಂಗ ಮಾಡಿದಿ?"

ಉತ್ತರ ತಪ್ಪಿದ್ದಾಗ ಮಾತ್ರ ಅಲ್ಲ, ಸರಿಯಿದ್ದಾಗಲೂ ಅದೇ ಪ್ರಶ್ನೆ. ಅದು ನನ್ನ ತಲೆಗೆ ಹೋಗಲು ಎರಡು ವಾರ ಬೇಕಾಯಿತು. ಯಾಕೆಂದರೆ ನಾನೂ ನನ್ನ ಕ್ಲಾಸಿನಲ್ಲಿ "ಹೇಗೆ ಮಾಡಿದೆ?" ಎಂದು ಕೇಳುತ್ತಿದ್ದೆ. ಕೇಳಿದ ಕೂಡಲೇ ಮಗು ರಬ್ಬರ್ ತೆಗೆದುಕೊಂಡು ಉತ್ತರ ಅಳಿಸುತ್ತಿತ್ತು. ತಪ್ಪಿದ್ದಾಗ ಮಾತ್ರ ಕೇಳುವ ಪ್ರಶ್ನೆಗೆ ಮಕ್ಕಳು ಒಂದೇ ಅರ್ಥ ಮಾಡಿಕೊಳ್ಳುತ್ತಾರೆ: ಅಳಿಸು. ಈ ಅಕ್ಕೋರ ಮುಂದೆ ಯಾವ ಮಗುವೂ ಅಳಿಸುತ್ತಿರಲಿಲ್ಲ. ಬೆರಳು ಮಡಚಿ, ಬಿಚ್ಚಿ, "ಎಂಟಕ್ಕ ಎರಡು ಕೊಟ್ಟ್ಯಾ, ಹತ್ತಾತು, ಇನ್ನ ಮೂರು ಉಳದ್ವು" ಎಂದು ಕತೆ ಹೇಳುತ್ತಿತ್ತು.

ನಾನೂ ಶುರುಮಾಡಿದೆ. ಮೊದಲ ಹತ್ತು ದಿನ ರಬ್ಬರುಗಳದೇ ಸದ್ದು. ಸರಿ ಬರೆದವರನ್ನೂ ಬಿಡದೆ ಕೇಳಿ ಕೇಳಿ ಅವರಿಗೆ ಅಭ್ಯಾಸವಾಯಿತು. ಆಮೇಲೆ ಒಂದು ದಿನ 2.15 ಮತ್ತು 2.5 ಅನ್ನು ಮತ್ತೆ ಬೋರ್ಡಿನ ಮೇಲೆ ಬರೆದೆ. ಯಾವತ್ತೂ ಬಾಯಿ ಬಿಡದ ಒಬ್ಬ ಹುಡುಗ 2.15 ಎಂದು ಕೈಯೆತ್ತಿದ.

"ಹೆಂಗ ಮಾಡಿದಿ?" ಎಂದೆ, ಅಷ್ಟರಲ್ಲಿ ನನ್ನ ಮಾತೂ ತಿರುಗಿತ್ತು.

"ಎರಡು ಎಕರೆ ಹದಿನೈದು ಗುಂಟೆ ದೊಡ್ಡದಲ್ರಿ ಅಕ್ಕೋರ? ಇದು ಬರೇ ಎರಡು ಎಕರೆ ಐದು ಗುಂಟೆ. ನಮ್ಮ ಉತಾರದಾಗ ಹಂಗ ಬರದಾರ್ರಿ."

ಉತಾರ ಎಂದರೆ ನಮ್ಮ ಕಡೆ ಪಹಣಿ. ಎಕರೆ, ಚುಕ್ಕೆ, ಗುಂಟೆ, ಚುಕ್ಕೆ, ಆಣೆ. ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ. ಆ ಹುಡುಗನ ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಅವನ ಮನೆಯಲ್ಲಿ ಹಾಗೆ ಚುಕ್ಕೆಯಿಟ್ಟು ಬರೆದ ಕಾಗದ ಅದೊಂದೇ. ಅದರ ಮೇಲೇ ಸೊಸೈಟಿ ಸಾಲ, ಬೆಳೆ ವಿಮೆ, ಅಣ್ಣತಮ್ಮಂದಿರ ಜಗಳ ಎಲ್ಲವೂ ನಡೆಯುವುದು. ನಾನು ಇಷ್ಟು ದಿನದಿಂದ ಅದರ ವಿರುದ್ಧ ಒಂದು ಸೊನ್ನೆ ಹಿಡಿದುಕೊಂಡು ಹೋರಾಡುತ್ತಿದ್ದೆ.

ಅಷ್ಟರಲ್ಲಿ ಇನ್ನೊಬ್ಬ, "ಓವರ್‌ನಾಗೂ ಹಂಗ ಅಲ್ರಿ? ನಾಲ್ಕು ಪಾಯಿಂಟ್ ಐದು ಆದ್ಮ್ಯಾಲೆ ಸೀದಾ ಐದು" ಎಂದ. ಮತ್ತೊಬ್ಬಳು ಕಿರಾಣಿ ಅಂಗಡಿಯ ಕರೆಂಟ್ ತಕ್ಕಡಿಯಲ್ಲಿ 1.250 ಬರುತ್ತದೆ ಎಂದಳು. ಪಾಠಯೋಜನೆ ಪಕ್ಕಕ್ಕಿಟ್ಟೆ. ಬೋರ್ಡಿನ ಮೇಲೆ ಬರೀ ಒಂದು ಪ್ರಶ್ನೆ ಉಳಿಯಿತು: ಚುಕ್ಕೆಯ ಬಲಗಡೆ ಎಷ್ಟು ತುಂಬಿದರೆ ಎಡಗಡೆ ಒಂದಾಗುತ್ತದೆ? ಉತಾರದಲ್ಲಿ ನಲವತ್ತು. ಓವರಿನಲ್ಲಿ ಆರು. ರೂಪಾಯಿಯಲ್ಲಿ ನೂರು. ಕಿಲೋದಲ್ಲಿ ಸಾವಿರ. ಗಣಿತದ ಪುಸ್ತಕದ ಚುಕ್ಕೆಯಲ್ಲಿ? ಹತ್ತು. ಪಕ್ಕದ ಮನೆಗೆ ಹೋದರೆ ಅಲ್ಲಿಯೂ ಹತ್ತು, ಅದರ ಪಕ್ಕದಲ್ಲಿಯೂ ಹತ್ತೇ. ಹಾಗಾದರೆ ಪುಸ್ತಕದ 2.5 ಎಕರೆ ಎಂದರೆ ಉತಾರದಲ್ಲಿ ಎಷ್ಟು? ಎಕರೆಯ ಹತ್ತನೇ ಒಂದು ಪಾಲು ನಾಲ್ಕು ಗುಂಟೆ, ಅಂಥವು ಐದು, ಇಪ್ಪತ್ತು ಗುಂಟೆ. "ಎರಡೂವರಿ ಎಕರೆರೀ!" ಎಂದು ಮೂರು ನಾಲ್ಕು ಕಡೆಯಿಂದ ಕೂಗಿದರು. 2.15 ಎಕರೆ ಮಾಡಿದರೆ ಬಂದದ್ದು ಎರಡು ಎಕರೆ ಆರು ಗುಂಟೆ. ಹದಿನೈದು ಎಲ್ಲಿ, ಆರು ಎಲ್ಲಿ! ಉತಾರದ ಹುಡುಗ ಇದನ್ನು ನಂಬಲು ತಯಾರಿರಲಿಲ್ಲ. ಮೂರು ಸಲ ಮಾಡಿ ನೋಡಿದ.

ಮರುದಿನ ಒಬ್ಬಳು ಉತಾರದ ಝೆರಾಕ್ಸ್ ತಂದಳು. ಅದರಲ್ಲಿ ಐದು ಗುಂಟೆಯನ್ನು 05 ಎಂದು ಅಚ್ಚುಮಾಡಿದ್ದರು. ಆ ಸೊನ್ನೆ ಯಾಕೆ ಎಂಬುದರ ಮೇಲೆ ಒಂದು ಪಿರಿಯಡ್ ಹೋಯಿತು. ಅದರ ಮರುದಿನ ಹಗ್ಗ ಹಿಡಿದು ಮೈದಾನಕ್ಕೆ ಹೋದೆವು. ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲ, ಅದು ಒಂದು ಗುಂಟೆ. ದಿನಾ ಬಾಯಲ್ಲಿ ಗುಂಟೆ ಗುಂಟೆ ಅನ್ನುವ ಮಕ್ಕಳು ಅದರೊಳಗೆ ನಿಂತು "ಇಷ್ಟ ಏನ್ರಿ?" ಎಂದರು. ನಾಲ್ಕು ಮೂಲೆಗೂ ಸುಣ್ಣದ ಪುಡಿ ಹಾಕಿ, ಪ್ರತಿ ಬದಿಯನ್ನೂ ನಾಲ್ಕು ಸಮಪಾಲು ಮಾಡಿ ಗೆರೆ ಎಳೆದರೆ ಹದಿನಾರು ಚೌಕ. ಒಂದೊಂದೂ ಒಂದು ಆಣೆ, ಎಂಟೂಕಾಲು ಅಡಿಯ ಚೌಕ. ನಮ್ಮ ಕ್ಲಾಸ್‌ರೂಮು ಇಪ್ಪತ್ತಕ್ಕೆ ಇಪ್ಪತ್ತು ಅಡಿ. ಹಾಕಿ ನೋಡಿದರೆ ಆರಾಣೆಗೂ ಸ್ವಲ್ಪ ಕಡಿಮೆಯೇ ಬಂತು. ಹೆಡ್ ಮಾಸ್ತರು ಆಫೀಸಿನಿಂದ ಹೊರಬಂದು, "ಏನ್ ಮೇಡಂ, ಸಾಲಿ ಪಾಲು ಮಾಡಾಕತ್ತೀರೇನು?" ಎಂದರು.

ಇಷ್ಟಾದ ಮೇಲೂ ಮುಂದಿನ ರೂಪಣಾತ್ಮಕ ಪರೀಕ್ಷೆಯಲ್ಲಿ ಐದಾರು ಮಕ್ಕಳು 3.12 ದೊಡ್ಡದು ಎಂದೇ ಬರೆದವು. ಒಬ್ಬ ಮಾತ್ರ ಪಕ್ಕದಲ್ಲಿ ಚಿಕ್ಕದಾಗಿ "ಉತಾರದ ಪ್ರಕಾರ" ಎಂದು ಸೇರಿಸಿದ್ದ. ಅವನಿಗೆ ಅರ್ಧ ಅಂಕ ಕೊಟ್ಟೆ. ನಿಯಮದಲ್ಲಿ ಹಾಗೆ ಕೊಡಬಹುದೋ ಇಲ್ಲವೋ, ಯಾರನ್ನೂ ಕೇಳಲು ಹೋಗಲಿಲ್ಲ.

ವಿಜ್ಞಾನದಲ್ಲಿ ನನ್ನ ಪಾಡು ಇನ್ನೂ ಬೇರೆ. ವಿದ್ಯುತ್ ಮಂಡಲದ ಪಾಠಕ್ಕೆ ಟಾರ್ಚ್ ಬಲ್ಬ್ ಹುಡುಕಿ ಹಾವೇರಿ ಪೇಟೆ ಸುತ್ತಿದೆ. ಈಗ ಟಾರ್ಚುಗಳೆಲ್ಲ ಎಲ್‌ಇಡಿ, ಆ ಹಳೆಯ ಪುಟ್ಟ ಬಲ್ಬ್ ಯಾರಿಗೂ ಬೇಡ. ಕೊನೆಗೆ ಎಲ್‌ಇಡಿಯನ್ನೇ ತಂದು, ಒಂದೂವರೆ ವೋಲ್ಟಿನ ಒಂದು ಸೆಲ್ಲಿಗೆ ಜೋಡಿಸಿದರೆ ಹತ್ತಲೇ ಇಲ್ಲ. ಎರಡು ಸೆಲ್ ಹಾಕಿದರೆ ಕೆಲವರದು ಹತ್ತಿತು, ಕೆಲವರದು ಇಲ್ಲ. ಹತ್ತದವರು ಕಾಲು ತಿರುಗಿಸಿ ಜೋಡಿಸಿದರು, ಹತ್ತಿತು. ಹೀಗೆ ಎಲ್‌ಇಡಿಯೊಳಗೆ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುತ್ತದೆ ಎಂಬುದನ್ನು ಆರನೇ ತರಗತಿ ನನಗಿಂತ ಐದು ನಿಮಿಷ ಮೊದಲೇ ಕಂಡುಹಿಡಿಯಿತು.

ನೆರಳಿನ ವಿಷಯ ಮಾತ್ರ ಇವತ್ತಿಗೂ ಮುಗಿದಿಲ್ಲ. 2024ರ ಜುಲೈನಲ್ಲಿ ನಾನು ನೋಟ್ಸ್ ಬರೆಸಿದ್ದು ಹೀಗಿತ್ತು: ಮಧ್ಯಾಹ್ನ 12 ಗಂಟೆಗೆ ನೆರಳು ಅತ್ಯಂತ ಚಿಕ್ಕದು, ನಾವು ಉತ್ತರಾರ್ಧಗೋಳದಲ್ಲಿ ಇರುವುದರಿಂದ ಅದು ಉತ್ತರಕ್ಕೆ ಬೀಳುತ್ತದೆ. ಬರೆದುಕೊಳ್ಳುತ್ತಿದ್ದ ಒಬ್ಬಳು ಹುಡುಗಿ ಪೆನ್ನು ನಿಲ್ಲಿಸಿದಳು. "ನಮ್ಮ ಮನಿ ಬಾಗಲಾ ಉತ್ತರಕ್ಕೈತ್ರಿ. ಬ್ಯಾಸಗ್ಯಾಗ ಮುಂಜಾನೆ ಬಿಸಲು ಬಾಗಲದಾಗ ಬೀಳತೈತಿ. ಚಳಿಗಾಲದಾಗ ಬೀಳಂಗಿಲ್ಲ. ಸೂರ್ಯ ಒಮ್ಮೊಮ್ಮೆ ಆ ಕಡಿಗೆ ಹೊಕ್ಕಾನಲ್ರಿ?"

"ಕೂತ್ಕೋ" ಎಂಬ ಮಾತು ಗಂಟಲಿಗೆ ಬಂದಿತ್ತು. ಮೇಣದಬತ್ತಿ ನೆನಪಾಯಿತು.

ಎರಡು ದಿನ ಕಾದ ಮೇಲೆ ಮೋಡ ಸರಿದು ಬಿಸಿಲು ಬಿತ್ತು. ಮೈದಾನದಲ್ಲಿ ನೆಲದಿಂದ ಒಂದು ಮೀಟರ್ ಎತ್ತರಕ್ಕೆ ಕೋಲು ನೆಟ್ಟು, ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಕಲ್ಲು ಇಟ್ಟೆವು. ಅತಿ ಚಿಕ್ಕ ನೆರಳು ಹನ್ನೆರಡು ಸೆಂಟಿಮೀಟರ್ ಆಸುಪಾಸು. ಅದು ಬಿದ್ದದ್ದು ದಕ್ಷಿಣಕ್ಕೆ, ಹೊತ್ತು 12:35. ನನ್ನ ನೋಟ್ಸಿನ ಎರಡು ಸಾಲಿನಲ್ಲಿ ಎರಡೂ ತಪ್ಪು.

ದಿಕ್ಕಿನ ಕಾರಣ ಅಂದೇ ಸಂಜೆ ಹೊಳೆಯಿತು. ನೋಟ್ಸಿನ ಮಾತು ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವ ಊರುಗಳಿಗೆ ವರ್ಷವಿಡೀ ಸರಿ. ಹಾವೇರಿ ಇರುವುದು 15 ಡಿಗ್ರಿ ಅಕ್ಷಾಂಶಕ್ಕೂ ಸ್ವಲ್ಪ ಕೆಳಗೆ. ಮೇ ಮೊದಲ ದಿನದ ಹೊತ್ತಿಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿ, ಆಗಸ್ಟ್ 12ರ ಸುಮಾರಿಗೆ ಮತ್ತೆ ನೆತ್ತಿ ದಾಟಿ ದಕ್ಷಿಣಕ್ಕೆ ಬರುತ್ತಾನೆ. ನಡುವಿನ ಮೂರು ತಿಂಗಳಿಗೂ ಹೆಚ್ಚು ಕಾಲ ಮಧ್ಯಾಹ್ನದ ನೆರಳು ದಕ್ಷಿಣಕ್ಕೇ. ಬೇಸಿಗೆಯಲ್ಲಿ ಸೂರ್ಯ ಹುಟ್ಟುವುದೂ ಪೂರ್ವಕ್ಕಿಂತ ಸ್ವಲ್ಪ ಉತ್ತರಕ್ಕೆ, ಹುಡುಗಿಯ ಬಾಗಿಲಿಗೆ ಮುಂಜಾನೆ ಬಿಸಿಲು ಬರುವುದು ಅದಕ್ಕೇ. ಹೊತ್ತಿನ ಕಾರಣವನ್ನೂ ಕಂಡುಕೊಂಡೆ ಅಂದುಕೊಂಡೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಹಾವೇರಿ ಅದರಿಂದ ಏಳು ಡಿಗ್ರಿ ಚಿಲ್ಲರೆ ಪಶ್ಚಿಮಕ್ಕೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಪ್ಪತ್ತೆಂಟು ನಿಮಿಷ ತಡ. ಅಲ್ಲಿಗೆ 12:28. ಮಕ್ಕಳಿಗೆ ಬಂದದ್ದು 12:35. ಉಳಿದ ಏಳು ನಿಮಿಷ ಅಳತೆಯ ತಪ್ಪು, ಕೋಲು ಓರೆಯಿರಬೇಕು ಎಂದು ಹೇಳಿ ಪಾಠ ಮುಗಿಸಿದೆ. ಆಗಸ್ಟ್ 12ಕ್ಕೆ ನೆರಳಿಲ್ಲದ ಕ್ಷಣ ನೋಡೋಣ ಎಂದು ಕಾದೆವು. ದಿನವಿಡೀ ಮೋಡ.

ಮೇ 1 ಬೇಸಿಗೆ ರಜೆಯಲ್ಲಿ ಬರುತ್ತದೆ. ಆಕಾಶ ಚೊಕ್ಕ ಇರುತ್ತದೆ, ಆದರೆ ಶಾಲೆ ಇರುವುದಿಲ್ಲ. "ಮನೆಯಲ್ಲಿ ಮಾಡಿ ನೋಡಿ" ಎಂದು ಸುಮ್ಮನೆ ಒಂದು ಮಾತು ಹೇಳಿ ಊರಿಗೆ ಹೋಗಿದ್ದೆ. 2025ರ ಜೂನ್ ಮೊದಲ ವಾರ ಆ ಉತ್ತರದ ಬಾಗಿಲಿನ ಹುಡುಗಿ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟಳು. ಮೇ 1, ಕೋಲು ಒಂದು ಮೀಟರ್, 12:15ರಿಂದ ಐದೈದು ನಿಮಿಷಕ್ಕೆ ಒಂದೊಂದು ಅಳತೆ. ನೆರಳು ಇಲ್ಲವೇ ಇಲ್ಲ ಎಂದು ಬರೆದ ಸಾಲಿನ ಮುಂದೆ 12:25.

ಹೋದ ವರ್ಷ 12:35, ಈಗ 12:25. ಕೆಂಪು ಪೆನ್ನು ಕೈಯಲ್ಲೇ ಇತ್ತು.

"ಹೆಂಗ ಮಾಡಿದಿ?"

ಅವಳ ಅಪ್ಪ ಗೌಂಡಿ. ಗೋಡೆ ನೆಟ್ಟಗಿದೆಯೇ ಎಂದು ನೋಡುವ ದಾರದ ಗುಂಡನ್ನು ಅಪ್ಪನಿಂದ ಇಸಕೊಂಡು, ಕೋಲಿನ ಎರಡು ಬದಿಗೂ ಇಳಿಬಿಟ್ಟು, ಅಪ್ಪನೇ ಕೋಲು ನಿಲ್ಲಿಸಿಕೊಟ್ಟಿದ್ದ. ಹೊತ್ತು ನೋಡಿದ್ದು ಮೊಬೈಲಿನಲ್ಲಿ. ಹಾಗಾದರೆ ಕೋಲು ಓರೆ ಎನ್ನುವಂತಿಲ್ಲ.

ನಾಲ್ಕು ದಿನ ಓದಿದೆ. ಭೂಮಿ ಸೂರ್ಯನ ಸುತ್ತ ಒಂದೇ ವೇಗದಲ್ಲಿ ಓಡುವುದಿಲ್ಲ, ಅದರ ಅಕ್ಷ ಬೇರೆ ವಾಲಿದೆ. ಈ ಎರಡೂ ಸೇರಿ ಸೂರ್ಯನ ಮಧ್ಯಾಹ್ನ ಗಡಿಯಾರದ ಮಧ್ಯಾಹ್ನಕ್ಕಿಂತ ವರ್ಷದ ಕೆಲವು ತಿಂಗಳು ಮುಂದೆ, ಕೆಲವು ತಿಂಗಳು ಹಿಂದೆ ಓಡಾಡುತ್ತದೆ. ಜುಲೈ ನಡುವಿಗೆ ಸೂರ್ಯ ಆರು ನಿಮಿಷ ತಡ, ಮೇ 1ಕ್ಕೆ ಮೂರು ನಿಮಿಷ ಮುಂಚೆ. 28ಕ್ಕೆ ಆರು ಕೂಡಿದರೆ 34, ಮೂರು ಕಳೆದರೆ 25. ಹೋದ ವರ್ಷ ನಾನು ಅಳತೆಯ ತಪ್ಪು ಎಂದು ಬಿಟ್ಟ ನಿಮಿಷಗಳು ಮಕ್ಕಳ ತಪ್ಪಾಗಿರಲಿಲ್ಲ. ಇದನ್ನು ಎಂಟನೇ ತರಗತಿಗೆ ಅರ್ಥವಾಗುವ ಹಾಗೆ ಹೇಳುವುದು ನನಗೆ ಇನ್ನೂ ಬಂದಿಲ್ಲ, ಪೂರ್ತಿ ನನಗೇ ಅರ್ಥವಾಗಿದೆ ಎಂದೂ ಧೈರ್ಯವಾಗಿ ಹೇಳಲಾರೆ. ನವೆಂಬರ್ 3ಕ್ಕೆ ಮತ್ತೆ ಕೋಲು ನೆಡೋಣ, ಅಪ್ಪನ ಗುಂಡು ತಗೊಂಡು ಬಾ ಎಂದಷ್ಟೇ ಅವಳಿಗೆ ಹೇಳಿದ್ದೇನೆ. ನನ್ನ ಲೆಕ್ಕದ ಪ್ರಕಾರ ಅವತ್ತು 12:12 ಬರಬೇಕು. ಅದನ್ನು ಅವಳಿಗೆ ಹೇಳಿಲ್ಲ, ಎಲ್ಲಿಯೂ ಬರೆದಿಟ್ಟೂ ಇಲ್ಲ.